ಮುದ್ರಿಸಿದರೆ ಬೆಳಗುವ ಇಂಕ್: ಹದ ಹಿಡಿಯುವ ದಾರಿ

ಹಳದಿ ನಾರಿನಂಥ ಒಂದಿಷ್ಟು ಪ್ಲಾಸ್ಟಿಕ್ ತುಣುಕು. ಅದನ್ನು ಟಾಲ್ಯೂಯಿನ್ ಅನ್ನುವ ಸಾಲ್ವೆಂಟ್‌ನಲ್ಲಿ, ಅಂದರೆ ಕರಗಿಸುವ ದ್ರವದಲ್ಲಿ, ಕರಗಿಸಿ, ಗಾಜಿನ ಮೇಲೆ ತೆಳ್ಳಗೆ ಹರಡಿ, ಮೇಲೊಂದು ಕೆಳಗೊಂದು ಎಲೆಕ್ಟ್ರೋಡ್ ಕೊಟ್ಟು ಮೂರು ವೋಲ್ಟ್ ಹಾಕಿದರೆ ಬೆಳಕು ಬರುತ್ತದೆ. ಒಎಲ್‌ಇಡಿ, ಅಂದರೆ ಸಾವಯವ ಪದಾರ್ಥದಿಂದ ಬೆಳಗುವ ಡಯೋಡ್, ಮೂಲದಲ್ಲಿ ಇಷ್ಟೇ. ಇದನ್ನು ಇಂಕ್ ಮಾಡಿ ಪ್ರಿಂಟರ್‌ನಲ್ಲಿ ಮುದ್ರಿಸುವುದು ಹೇಗೆ ಅಂತ ಬರೆಯುತ್ತಿದ್ದೇನೆ. ಎಂಎಸ್ಸಿ ಅಥವಾ ಎಂಟೆಕ್ ಮುಗಿಸಿ ಇಂಥ ಲ್ಯಾಬಿಗೆ ಈಗಷ್ಟೇ ಕಾಲಿಡುತ್ತಿರುವವರು ನನ್ನ ಮನಸ್ಸಿನಲ್ಲಿದ್ದಾರೆ. ಇದು ಮನೆಯಲ್ಲಿ ಮಾಡುವ ಕೆಲಸ ಅಲ್ಲ. ಸಾಲ್ವೆಂಟ್‌ಗಳ ಆವಿ ಒಳ್ಳೆಯದಲ್ಲ, ಆವಿ ಹೊರಗೆಳೆಯುವ ಫ್ಯೂಮ್ ಹುಡ್ ಬೇಕು, ಗಾಳಿ, ತೇವ ತಾಗದ ಗ್ಲೋವ್ ಬಾಕ್ಸ್ ಬೇಕು.

ನಾನು ಹೇಳಬೇಕಾದ್ದು ಮುಖ್ಯವಾಗಿ ಒಂದೇ. ಎಲ್ಲರೂ ಒಳ್ಳೆ ಅಣು ಹುಡುಕುವುದರಲ್ಲಿ ಎರಡು ಮೂರು ವರ್ಷ ಕಳೆಯುತ್ತಾರೆ, ಇಂಕ್ ಮಾಡುವುದನ್ನು ಕೊನೆಗೆ ನೋಡಿಕೊಳ್ಳೋಣ ಅಂತ ಬಿಡುತ್ತಾರೆ. ಆ ಕ್ರಮ ತಪ್ಪು. ಅಣು ಬೆಳಕು ಕೊಡುತ್ತದೆ ಸರಿ, ಆದರೆ ಆ ಬೆಳಕು ಸಮನಾಗಿ ಬರುತ್ತದೋ ಇಲ್ಲವೋ, ನಾಳೆಗೂ ಉಳಿಯುತ್ತದೋ ಇಲ್ಲವೋ ಅನ್ನುವುದು ಇಂಕ್ ಒಣಗುವ ರೀತಿಯ ಮೇಲೆ ನಿಂತಿದೆ. ಹಾಗಾಗಿ ಅಣು ಆರಿಸುವ ದಿನವೇ "ಇದು ಹೇಗೆ ಒಣಗುತ್ತದೆ?" ಅಂತ ಕೇಳಿಕೊಳ್ಳಿ.

ಸ್ವಲ್ಪ ಹಿಂದಿನ ಕಥೆ ಗೊತ್ತಿದ್ದರೆ ಇದು ಇನ್ನೂ ಚೆನ್ನಾಗಿ ಅರ್ಥ ಆಗುತ್ತದೆ. 1987ರಲ್ಲಿ ಕೊಡಾಕ್ ಕಂಪನಿಯ ತಾಂಗ್ ಮತ್ತು ವ್ಯಾನ್ ಸ್ಲೈಕ್ ಸಣ್ಣ ಅಣುಗಳನ್ನು ನಿರ್ವಾತದಲ್ಲಿ ಆವಿ ಮಾಡಿ, ಪದರದ ಮೇಲೆ ಪದರ ಕೂರಿಸಿ ಒಎಲ್‌ಇಡಿ ಮಾಡಿದರು. 1990ರಲ್ಲಿ ಕೇಂಬ್ರಿಜ್‌ನಲ್ಲಿ ರಿಚರ್ಡ್ ಫ್ರೆಂಡ್ ಅವರ ತಂಡ ಪಿಪಿವಿ ಅನ್ನುವ ಪಾಲಿಮರ್‌ನಿಂದ, ಅಂದರೆ ಉದ್ದ ಸರಪಳಿಯಂಥ ಅಣುವಿನಿಂದ, ಬೆಳಕು ತೆಗೆಯಿತು. ಆದರೆ ಪಿಪಿವಿ ಯಾವ ಸಾಲ್ವೆಂಟ್‌ನಲ್ಲೂ ಕರಗುವುದಿಲ್ಲ. ಅವರು ಕರಗುವ ಒಂದು ಪೂರ್ವರೂಪವನ್ನು ಬಳಿದು, ಆಮೇಲೆ ನಿರ್ವಾತದಲ್ಲಿ ಬಿಸಿ ಮಾಡಿ ಪಿಪಿವಿ ಆಗಿಸಬೇಕಾಯಿತು. ಮರುವರ್ಷ ಸಾಂಟಾ ಬಾರ್ಬರಾದಲ್ಲಿ ಬ್ರೌನ್ ಮತ್ತು ಹೀಗರ್ ಅದೇ ಪಾಲಿಮರ್‌ಗೆ ಉದ್ದನೆಯ ಪಕ್ಕಬಾಲಗಳಿದ್ದ ರೂಪವನ್ನು, ಅಂದರೆ ಎಂಇಎಚ್-ಪಿಪಿವಿಯನ್ನು, ನೇರವಾಗಿ ಕರಗಿಸಿ ಬಳಿದು ದೀಪ ಮಾಡಿದರು. ಬೆಳಕು ಕೊಡುವ ಬೆನ್ನೆಲುಬು ಹೆಚ್ಚುಕಡಿಮೆ ಅದೇ, ಬದಲಾದದ್ದು ಕರಗುವ ಗುಣ. ಮುದ್ರಿಸುವ ದಾರಿ ತೆರೆದದ್ದು ಆ ಬಾಲಗಳಿಂದ.

ಇವತ್ತಿನ ಫೋನ್ ಪರದೆಗಳು ಬಹುತೇಕ ಕೊಡಾಕ್ ದಾರಿಯಲ್ಲೇ, ನಿರ್ವಾತದಲ್ಲಿ ಆವಿ ಮಾಡಿಯೇ ತಯಾರಾಗುತ್ತವೆ. ಆ ದಾರಿಯಲ್ಲಿ ದುಬಾರಿ ಪದಾರ್ಥದ ಬಹುಪಾಲು ಪಿಕ್ಸೆಲ್ ಆಕಾರ ಕೊಡುವ ತೂತಿನ ಹಾಳೆಯ (ಮಾಸ್ಕ್) ಮೇಲೆ, ಚೇಂಬರ್ ಗೋಡೆ ಮೇಲೆ ಕೂತು ದಂಡವಾಗುತ್ತದೆ. ಮುದ್ರಣದಲ್ಲಿ ಬೇಕಾದ ಜಾಗಕ್ಕೆ ಮಾತ್ರ ಹನಿ ಬೀಳುತ್ತದೆ. ಇದೇ ಅದರ ದೊಡ್ಡ ಆಕರ್ಷಣೆ.

ಯಾವ ಪದಾರ್ಥದಿಂದ ಶುರು ಮಾಡಬೇಕು

ಮೊದಲ ದೀಪಕ್ಕೆ ಪದಾರ್ಥವನ್ನು ಕೊಂಡುಕೊಳ್ಳಿ. ಸೂಪರ್ ಯೆಲ್ಲೋ ಅಂತ ಪಿಪಿವಿ ಜಾತಿಯ ಪಾಲಿಮರ್ ಸಿಗುತ್ತದೆ, ಅದರಷ್ಟು ನಂಬಿಕಸ್ಥ ಪದಾರ್ಥ ಕಲಿಯುವವರಿಗೆ ಇನ್ನೊಂದಿಲ್ಲ. ನೀವೇ ಮಾಡಿದ ಹೊಸ ಪಾಲಿಮರ್‌ನಿಂದ ಶುರು ಮಾಡಿದರೆ, ದೀಪ ಹತ್ತದಿದ್ದಾಗ ತಪ್ಪು ಪಾಲಿಮರ್‌ನದೋ ನಿಮ್ಮ ಕೈಯದೋ ಗೊತ್ತಾಗುವುದೇ ಇಲ್ಲ. ಮೊದಲು ಕೈ ಪಳಗಲಿ.

ನೀಲಿ ಬಣ್ಣಕ್ಕೆ ಮೊದಲೇ ಕೈ ಹಾಕಬೇಡಿ. ನಾನು ಪಾಲಿಫ್ಲೋರಿನ್ ಅನ್ನುವ ಪಾಲಿಮರ್‌ನಿಂದ ಶುರು ಮಾಡಿದ್ದೆ. ಅದರ ಬೆಳಕು ಚೆಂದದ ನೀಲಿ. ಆದರೆ ನಾನು ಮಾಡಿದ ದೀಪ ಕೆಲವು ನಿಮಿಷದಲ್ಲೇ ಹಸಿರು ತಿರುಗುತ್ತಿತ್ತು, ಅಳೆಯುವ ಯಂತ್ರವೇ ಸರಿ ಇಲ್ಲ ಅಂದುಕೊಂಡು ವಾರಗಟ್ಟಲೆ ಕೂತೆ. ಕಾರಣ ಬೇರೆ ಇತ್ತು. ಪಾಲಿಫ್ಲೋರಿನ್ ಅನ್ನು ಗಾಳಿಯಲ್ಲಿ ಬಿಸಿ ಮಾಡಿದರೆ ಅದರ 9ನೇ ಕಾರ್ಬನ್‌ಗೆ ಆಮ್ಲಜನಕ ಹತ್ತಿ ಫ್ಲೋರಿನೋನ್ ಆಗುತ್ತದೆ. ಸರಪಳಿಯಲ್ಲಿ ಅಂಥ ಕೆಲವೇ ಜಾಗ ಇದ್ದರೂ ಸಾಕು, ಶಕ್ತಿಯೆಲ್ಲ ಅಲ್ಲಿಗೇ ಹರಿದು 530 ನ್ಯಾನೊಮೀಟರ್ ಆಸುಪಾಸಿನ ಹಸಿರು ಬೆಳಕಾಗಿ ಬರುತ್ತದೆ. ನಾನು ಹಾಟ್ ಪ್ಲೇಟನ್ನು ಗ್ಲೋವ್ ಬಾಕ್ಸ್ ಹೊರಗಡೆ ಇಟ್ಟಿದ್ದೆ. ಒಳಗಿಟ್ಟ ದಿನ ಆ ಹಸಿರು ಬಹಳ ಕಡಿಮೆಯಾಯಿತು.

ಪಾಲಿಮರ್ ಒಳ್ಳೆಯದೋ ಸಣ್ಣ ಅಣು ಒಳ್ಳೆಯದೋ ಅಂತ ಕೇಳುವವರಿದ್ದಾರೆ. ಪಾಲಿಮರ್ ಪದರವಾಗಿ ಚೆನ್ನಾಗಿ ಕೂರುತ್ತದೆ, ಆದರೆ ಒಂದು ಸಲ ಮಾಡಿದ್ದಕ್ಕೂ ಇನ್ನೊಂದು ಸಲ ಮಾಡಿದ್ದಕ್ಕೂ ಗುಣ ಬೇರೆಯಾಗುತ್ತದೆ. ಸಣ್ಣ ಅಣುವನ್ನು ಬಹಳ ಶುದ್ಧ ಮಾಡಬಹುದು, ಆದರೆ ಒಣಗುವಾಗ ಹರಳುಗಟ್ಟಿ ಪದರ ಒಡೆಯುವ ಭಯ ಇರುತ್ತದೆ. ಇನ್ನೊಂದು ಲೆಕ್ಕವೂ ಇದೆ. ಕರೆಂಟ್ ಹಾಯಿಸಿದಾಗ ಹುಟ್ಟುವ ಉದ್ರೇಕಗಳಲ್ಲಿ, ಅಂದರೆ ಅಣು ಶಕ್ತಿ ತುಂಬಿಕೊಂಡ ಸ್ಥಿತಿಗಳಲ್ಲಿ, ಎರಡು ಬಗೆ: ಸುಮಾರು ಶೇ 25 ಸಿಂಗ್ಲೆಟ್, ಶೇ 75 ಟ್ರಿಪ್ಲೆಟ್. ಸೂಪರ್ ಯೆಲ್ಲೋ ತರಹದ ಸಾಮಾನ್ಯ ಪದಾರ್ಥ ಸಿಂಗ್ಲೆಟ್‌ನಿಂದಷ್ಟೇ ಬೆಳಗುತ್ತದೆ. ಆ 75 ಭಾಗವನ್ನೂ ಹಿಡಿಯಬೇಕೆಂದರೆ ಇರಿಡಿಯಂ ಇರುವ ಅಣುಗಳು ಬೇಕು, ಇಲ್ಲವೇ 2012ರಲ್ಲಿ ಜಪಾನಿನ ಅಡಾಚಿ ತಂಡ ತೋರಿಸಿದ, ಟ್ರಿಪ್ಲೆಟ್ ಅನ್ನು ಸಿಂಗ್ಲೆಟ್ ಆಗಿ ತಿರುಗಿಸುವ ಟಿಎಡಿಎಫ್ ಜಾತಿಯವು ಬೇಕು. ಇವನ್ನೂ ಇಂಕ್ ಮಾಡಬಹುದು, ಆದರೆ ಅವನ್ನು ಹೊತ್ತುಕೊಳ್ಳುವ ಹೋಸ್ಟ್ ಅಣುವಿನ ಜೊತೆ ಬೆರೆಸಿ ಮಾಡಬೇಕು, ಎರಡೂ ಒಟ್ಟಿಗೆ ಒಣಗಬೇಕು. ಎರಡನೇ ವರ್ಷಕ್ಕೆ ಇಟ್ಟುಕೊಳ್ಳಿ.

ನೀವೇ ಪಾಲಿಮರ್ ಮಾಡುವ ಹೊತ್ತು ಬಂದಾಗ

ಪಾಲಿಫ್ಲೋರಿನ್ ಜಾತಿಯವನ್ನು ಸಾಮಾನ್ಯವಾಗಿ ಸುಜುಕಿ ಜೋಡಣೆ ಅನ್ನುವ ಕ್ರಿಯೆಯಿಂದ ಮಾಡುತ್ತಾರೆ. ಎರಡು ಬ್ರೋಮಿನ್ ಇರುವ ಒಂದು ಮೊನೊಮರ್ (ಸರಪಳಿಯ ಕೊಂಡಿಯಾಗುವ ಚಿಕ್ಕ ಅಣು), ಎರಡು ಬೋರಾನ್ ಗುಂಪು ಇರುವ ಇನ್ನೊಂದು, ಜೊತೆಗೆ ಪಲ್ಲಾಡಿಯಂ ವೇಗವರ್ಧಕ. ಇಲ್ಲಿ ತೂಕವೇ ಎಲ್ಲ. ಎರಡೂ ಮೊನೊಮರ್ ಸಮ ಪ್ರಮಾಣದಲ್ಲಿದ್ದರೆ ಸರಪಳಿ ಉದ್ದ ಬೆಳೆಯುತ್ತದೆ. ಒಂದು ಶೇ 2ರಷ್ಟು ಹೆಚ್ಚಾದರೆ, ಕ್ರಿಯೆ ಪೂರ್ತಿ ಮುಗಿದರೂ ಸರಪಳಿ ಸರಾಸರಿ 100 ಕೊಂಡಿಯ ಹತ್ತಿರ ನಿಂತುಬಿಡುತ್ತದೆ. ಇದು ಕೆಟ್ಟದ್ದೇ ಅಂತೇನಿಲ್ಲ. ಇಂಕ್‌ಜೆಟ್‌ಗೆ ತೀರಾ ಉದ್ದದ ಸರಪಳಿ ಬೇಡ, ಹಾಗಾಗಿ ಬೇಕಂತಲೇ ತೂಕ ಹೆಚ್ಚುಕಡಿಮೆ ಮಾಡಿ ಉದ್ದವನ್ನು ಕಟ್ಟಿಹಾಕಬಹುದು.

ಕ್ರಿಯೆ ಮುಗಿದ ಮೇಲೆ ಸರಪಳಿಯ ತುದಿಗಳಲ್ಲಿ ಉಳಿದ ಬ್ರೋಮಿನ್, ಬೋರಾನ್ ಎರಡನ್ನೂ ಮುಚ್ಚಿ. ಆಮೇಲೆ ಪಲ್ಲಾಡಿಯಂ ತೆಗೆಯಿರಿ. ಇದನ್ನು ಮಾಡಿದೆವು ಅಂದುಕೊಂಡು ಬಿಟ್ಟುಬಿಡುವವರು ಜಾಸ್ತಿ, ಅಲ್ವಾ? ಸೋಡಿಯಂ ಡೈಈಥೈಲ್‌ಡೈಥಯೋಕಾರ್ಬಮೇಟ್ ನೀರಿನ ದ್ರಾವಣದ ಜೊತೆ ಬಿಸಿ ಮಾಡಿ ಕಲಕಿ, ನೀರಿನಲ್ಲಿ ತೊಳೆದು, ಮೆಥನಾಲ್‌ಗೆ ಸುರಿದು ಪಾಲಿಮರ್ ಬೇರ್ಪಡಿಸಿ, ಮತ್ತೆ ಮತ್ತೆ ತೊಳೆಯುವ ಸಾಕ್ಸ್‌ಲೆಟ್ ಉಪಕರಣದಲ್ಲಿ ಮೆಥನಾಲ್, ಅಸಿಟೋನ್, ಹೆಕ್ಸೇನ್ ಹೀಗೆ ಒಂದರ ನಂತರ ಒಂದು ಹಾಯಿಸಿ. ಉಳಿದ ಲೋಹ ಬೆಳಕನ್ನು ತಿನ್ನುತ್ತದೆ, ಸೋರುವ ಕರೆಂಟಿಗೂ ದಾರಿ ಮಾಡುತ್ತದೆ.

ಇಂಕ್‌ನ ಹದ

ದೋಸೆ ಮಾಡುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಸೆಟ್ ದೋಸೆ ಹಿಟ್ಟಿನಲ್ಲಿ ನೀರುದೋಸೆ ಹುಯ್ಯಲು ಆಗುವುದಿಲ್ಲ. ಸ್ಪಿನ್ ಕೋಟಿಂಗ್‌ಗೆ, ಅಂದರೆ ಗಾಜನ್ನು ಜೋರಾಗಿ ತಿರುಗಿಸಿ ಹರಡುವುದಕ್ಕೆ, ಮಾಡಿದ ಇಂಕ್ ಹನಿ ಹನಿಯಾಗಿ ಮುದ್ರಿಸುವ ಇಂಕ್‌ಜೆಟ್‌ಗೆ ಆಗದಿರುವುದೂ ಹಾಗೇ.

ಮೊದಲು ಸ್ಪಿನ್ ಕೋಟಿಂಗ್ ಇಂಕ್. ಕಂದು ಬಣ್ಣದ ಗಾಜಿನ ವಯಲ್‌ಗೆ ಸೂಪರ್ ಯೆಲ್ಲೋ ತೂಕ ಮಾಡಿ ಹಾಕಿ. ಪ್ರತಿ ಮಿಲಿಲೀಟರ್ ಟಾಲ್ಯೂಯಿನ್‌ಗೆ 5 ಮಿಲಿಗ್ರಾಂ ಸಾಕು. ಗ್ಲೋವ್ ಬಾಕ್ಸ್ ಒಳಗೆ 50ರಿಂದ 60 ಡಿಗ್ರಿಯಲ್ಲಿ ರಾತ್ರಿಯಿಡೀ ಕಲಕಲು ಬಿಡಿ. ಅವಸರ ಮಾಡಬೇಡಿ, ಕಣ್ಣಿಗೆ ಕರಗಿದಂತೆ ಕಂಡರೂ ಒಳಗೆ ಜೆಲ್ ತುಣುಕುಗಳು ಉಳಿದಿರುತ್ತವೆ.

ಸೋಸುವುದಕ್ಕೆ 0.45 ಮೈಕ್ರಾನ್ ಪಿಟಿಎಫ್‌ಇ (ಟೆಫ್ಲಾನ್) ಫಿಲ್ಟರ್. ಸಿರಿಂಜ್ ಗಾಜಿನದೇ ಇರಲಿ. ಪ್ಲಾಸ್ಟಿಕ್ ಸಿರಿಂಜ್ ಸರಾಗವಾಗಿ ಜಾರಲಿ ಅಂತ ಒಳಗೆ ಸಿಲಿಕೋನ್ ಎಣ್ಣೆ ಸವರಿರುತ್ತಾರೆ, ಟಾಲ್ಯೂಯಿನ್ ಅದನ್ನು ತೊಳೆದುಕೊಂಡು ಬರುತ್ತದೆ. ನನ್ನ ಪದರಗಳಲ್ಲಿ ದುಂಡನೆಯ ತೂತುಗಳು ಬರುತ್ತಿದ್ದಾಗ ಧೂಳು ಅಂತ ಎಷ್ಟು ಸಲ ಗಾಜು ತೊಳೆದೆನೋ ಲೆಕ್ಕ ಇಲ್ಲ. ಸಿರಿಂಜ್ ಬದಲಿಸಿದ ದಿನ ತೂತು ನಿಂತಿತು. ಪದರದ ದಪ್ಪ ಸುಮಾರು 100 ನ್ಯಾನೊಮೀಟರ್. ಒಂದು ಮೈಕ್ರಾನ್ ಧೂಳಿನ ಕಣ ಅದಕ್ಕಿಂತ ಹತ್ತು ಪಟ್ಟು ದೊಡ್ಡದು. ಅದು ಕೂತ ಕಡೆ ಶಾರ್ಟ್ ಆಗುವುದು ಬಹುತೇಕ ಖಚಿತ.

ಈಗ ಇಂಕ್‌ಜೆಟ್. ಬೆಲ್ಲದ ಪಾಕ ಹದಕ್ಕೆ ಬಂತಾ ಅಂತ ಬೆರಳಿನ ನಡುವೆ ಎಳೆದು ನೋಡುತ್ತೇವಲ್ಲ, ಒಂದೆಳೆ ಬಂತಾ ಎರಡೆಳೆ ಬಂತಾ ಅಂತ. ಉದ್ದ ಸರಪಳಿಯ ಪಾಲಿಮರ್ ದ್ರಾವಣವೂ ಹಾಗೇ ಎಳೆ ಎಳೆಯುತ್ತದೆ. ನಾಝಲ್‌ನಿಂದ ಹೊರಟ ಹನಿ ಕಡಿದು ಬೇರೆಯಾಗದೆ, ಹಿಂದೊಂದು ಎಳೆ ಹಿಡಿದುಕೊಂಡು ಜೋಲಾಡುತ್ತದೆ. ಪ್ರಿಂಟರ್‌ಗೆ ಹಾಕುವ ಮೊದಲು ಗಾಜಿನ ಕಡ್ಡಿ ಅದ್ದಿ ಎತ್ತಿ ನೋಡಿ. ಎಳೆ ಕಂಡರೆ ಆ ಇಂಕ್ ಹನಿಯಾಗಿ ಬೀಳುವುದಿಲ್ಲ. ಪ್ರಮಾಣ ಇಳಿಸಿ ನೋಡಿ, ಇಲ್ಲವೇ ಚಿಕ್ಕ ಸರಪಳಿಯ ಬ್ಯಾಚ್ ಬಳಸಿ. ಎರಡರಲ್ಲಿ ನಾನು ಎರಡನೆಯದನ್ನೇ ಆರಿಸುತ್ತೇನೆ, ಏಕೆಂದರೆ ತೀರಾ ನೀರಾದ ಇಂಕ್‌ಗೆ ಹನಿ ಜಾಸ್ತಿ ಬೇಕು, ಒಣಗುವ ಹೊತ್ತೂ ಜಾಸ್ತಿ.

ಹನಿ ಸರಿಯಾಗಿ ಬೀಳುತ್ತದಾ ಅಂತ ಮೊದಲೇ ಅಂದಾಜು ಮಾಡಲು ಝೆಡ್ ಅನ್ನುವ ಒಂದು ಸಂಖ್ಯೆ ಇದೆ. ಮೇಲ್ಮೈ ಎಳೆತ, ಸಾಂದ್ರತೆ, ನಾಝಲ್ ವ್ಯಾಸ ಮೂರನ್ನೂ ಗುಣಿಸಿ, ವರ್ಗಮೂಲ ತೆಗೆದು, ಸ್ನಿಗ್ಧತೆಯಿಂದ ಭಾಗಿಸಿ. ಉತ್ತರ 1ರಿಂದ 10ರ ಒಳಗಿದ್ದರೆ ಹನಿ ಚೆನ್ನಾಗಿ ಬರುತ್ತದೆ ಅನ್ನುವುದು ಬಳಕೆಯಲ್ಲಿರುವ ಅಳತೆ. ಉದಾಹರಣೆಗೆ ಮೇಲ್ಮೈ ಎಳೆತ ಮೀಟರಿಗೆ 35 ಮಿಲಿನ್ಯೂಟನ್, ಸಾಂದ್ರತೆ ನೀರಿನಷ್ಟೇ, ನಾಝಲ್ 21 ಮೈಕ್ರಾನ್, ಸ್ನಿಗ್ಧತೆ 5 ಮಿಲಿಪಾಸ್ಕಲ್ ಸೆಕೆಂಡ್ ಅಂತ ಇಟ್ಟುಕೊಂಡರೆ ಝೆಡ್ 5.4 ಬರುತ್ತದೆ. ಇದು ಒಳ್ಳೆ ಹದ. ಪಾಲಿಮರ್ ಇಲ್ಲದ, ಅನಿಸೋಲ್‌ನಂಥ ಬರೀ ಸಾಲ್ವೆಂಟ್‌ನ ಸ್ನಿಗ್ಧತೆ 1ರ ಹತ್ತಿರ ಇರುತ್ತದೆ, ಆಗ ಝೆಡ್ 27. ಮುಖ್ಯ ಹನಿಯ ಹಿಂದೆ ಪುಟ್ಟ ಪುಟ್ಟ ಮರಿಹನಿಗಳು ಬಿದ್ದು ಪಕ್ಕದ ಪಿಕ್ಸೆಲ್ ಕೆಡಿಸುತ್ತವೆ. ಒಂದು ಎಚ್ಚರ: ಈ ಸೂತ್ರಕ್ಕೆ ಪಾಕದ ಎಳೆ ಗೊತ್ತಿಲ್ಲ, ಹಾಗಾಗಿ ಝೆಡ್ ಸರಿ ಇದ್ದರೂ ಕಡ್ಡಿ ಪರೀಕ್ಷೆ ಬಿಡಬೇಡಿ.

ಸಾಲ್ವೆಂಟ್ ಆರಿಸುವುದು, ಅಂದರೆ ಒಣಗುವುದನ್ನು ಆರಿಸುವುದು

ಟಾಲ್ಯೂಯಿನ್ ಕುದಿಯುವುದು 111 ಡಿಗ್ರಿಗೆ. ಸ್ಪಿನ್ ಕೋಟಿಂಗ್‌ಗೆ ಸರಿ, ಇಂಕ್‌ಜೆಟ್‌ನಲ್ಲಿ ನಾಝಲ್ ಬಾಯಲ್ಲೇ ಒಣಗಿ ಕಟ್ಟಿಕೊಳ್ಳುತ್ತದೆ. ಅನಿಸೋಲ್ 154, ಟೆಟ್ರಾಲಿನ್ 207, ಸೈಕ್ಲೋಹೆಕ್ಸೈಲ್‌ಬೆಂಜೀನ್ ಇನ್ನೂ ಮೇಲೆ, ಸುಮಾರು 240. ಪಾಲಿಮರ್ ಇಂಕ್‌ಗಳು ಸಾಮಾನ್ಯವಾಗಿ ಇಂಥವುಗಳ ಮಿಶ್ರಣ.

ಕಾಫಿ ಹನಿಯೊಂದು ಮೇಜಿನ ಮೇಲೆ ಒಣಗಿದರೆ ಅಂಚಿನಲ್ಲಿ ಕಪ್ಪು ಉಂಗುರ, ನಡುವೆ ಖಾಲಿ. ಇಂಕ್ ಹನಿಗೂ ಅದೇ ಆಗುತ್ತದೆ. 1997ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ತಂಡ ಇದಕ್ಕೆ ಕಾರಣ ವಿವರಿಸಿತು. ಹನಿಯ ಅಂಚು ನೆಲಕ್ಕೆ ಅಂಟಿಕೊಂಡಿರುತ್ತದೆ, ಅಲ್ಲಿಂದ ದ್ರವ ಬೇಗ ಆವಿಯಾಗುತ್ತದೆ, ಆ ಜಾಗ ತುಂಬಲು ನಡುವಿನಿಂದ ದ್ರವ ಅಂಚಿಗೆ ಹರಿಯುತ್ತದೆ, ಹೋಗುವಾಗ ಕರಗಿದ್ದನ್ನೂ ಹೊತ್ತೊಯ್ಯುತ್ತದೆ. ಪಿಕ್ಸೆಲ್‌ನಲ್ಲಿ ಹೀಗಾದರೆ ನಡುವೆ ತೆಳು, ಅಂಚು ದಪ್ಪ. ತೆಳು ಜಾಗದಲ್ಲಿ ಕರೆಂಟೆಲ್ಲ ನುಗ್ಗುತ್ತದೆ, ಅಲ್ಲೇ ಬೇಗ ಸುಟ್ಟುಹೋಗುತ್ತದೆ.

ಇದನ್ನು ತಡೆಯುವ ಉಪಾಯ ನನಗೆ ಬಹಳ ಇಷ್ಟ. ಎರಡು ಸಾಲ್ವೆಂಟ್ ಬೆರೆಸಿ. ನಿಧಾನ ಆರುವ ಸಾಲ್ವೆಂಟ್‌ನ ಮೇಲ್ಮೈ ಎಳೆತ ಬೇಗ ಆರುವುದಕ್ಕಿಂತ ಕಡಿಮೆ ಇರುವಂತೆ ನೋಡಿಕೊಳ್ಳಿ. ಅಂಚಿನಲ್ಲಿ ಬೇಗ ಆರುವುದು ಹಾರಿಹೋಗಿ ನಿಧಾನದ್ದು ಉಳಿಯುತ್ತದೆ, ಅಲ್ಲಿ ಎಳೆತ ಕಡಿಮೆಯಾಗುತ್ತದೆ, ನಡುವೆ ಜಾಸ್ತಿಯೇ ಇರುತ್ತದೆ. ಮೇಲ್ಮೈಯಲ್ಲಿ ದ್ರವ ಎಳೆತ ಜಾಸ್ತಿ ಇರುವ ಕಡೆಗೆ, ಅಂದರೆ ನಡುವಿಗೆ ಹರಿಯುತ್ತದೆ. ಹೊರಗೆ ಹೋಗುವ ಹರಿವಿಗೆ ಒಳಗೆ ಬರುವ ಹರಿವು ಎದುರು ನಿಲ್ಲುತ್ತದೆ. ಪಾಲಿಮರ್ ಎರಡರಲ್ಲೂ ಕರಗಬೇಕು ಅನ್ನುವುದನ್ನು ಮಾತ್ರ ಮರೆಯಬೇಡಿ, ಇಲ್ಲದಿದ್ದರೆ ಕೊನೆ ಗಳಿಗೆಯಲ್ಲಿ ಮೊಸರೊಡೆದಂತೆ ಒಡೆದುಬಿಡುತ್ತದೆ.

ಸಾಲ್ವೆಂಟ್ ಕೆಳಗಿನ ಪದರವನ್ನು ಕರಗಿಸಬಾರದು ಅನ್ನುವುದು ಇನ್ನೊಂದು ತಲೆನೋವು. ಕೆಳಗಿರುವ ಪೆಡಾಟ್-ಪಿಎಸ್‌ಎಸ್, ಅಂದರೆ ಕರೆಂಟ್ ಹರಿಸುವ ಪಾಲಿಮರ್ ಪದರ, ನೀರಿನಲ್ಲಿ ಮಾಡಿದ್ದು, ಹಾಗಾಗಿ ಟಾಲ್ಯೂಯಿನ್, ಅನಿಸೋಲ್ ಅದನ್ನು ಮುಟ್ಟುವುದಿಲ್ಲ. ಆದರೆ ನಡುವೆ ಇನ್ನೊಂದು ಸಾವಯವ ಪದರ ಇಟ್ಟರೆ ಅದು ಕರಗಿ ಮೇಲಿನದರ ಜೊತೆ ಕಲಸಿಹೋಗಬಹುದು. ಅದಕ್ಕೆ ಬಿಸಿ ಮಾಡಿದಾಗ ಒಂದಕ್ಕೊಂದು ಹೆಣೆದುಕೊಂಡು ಕರಗದಂತಾಗುವ ಪಾಲಿಮರ್‌ಗಳಿವೆ. ಪರೀಕ್ಷೆ ಸುಲಭ: ಪದರ ಎಷ್ಟು ಬೆಳಕು ಹೀರುತ್ತದೆ (ಅಬ್ಸಾರ್ಪ್ಶನ್) ಅಂತ ಅಳೆಯಿರಿ, ಮೇಲೆ ಬರೀ ಸಾಲ್ವೆಂಟ್ ಹಾಕಿ ತಿರುಗಿಸಿ, ಒಣಗಿಸಿ, ಮತ್ತೆ ಅಳೆಯಿರಿ. ಎರಡೂ ಗೆರೆ ಒಂದರ ಮೇಲೊಂದು ಕೂತರೆ ಧೈರ್ಯವಾಗಿ ಮುಂದುವರಿಯಿರಿ.

ಗಾಜಿನಿಂದ ಬೆಳಕಿನವರೆಗೆ

ಐಟಿಒ, ಅಂದರೆ ಕರೆಂಟ್ ಹರಿಸುವ ಪಾರದರ್ಶಕ ಪದರ, ಬಳಿದ ಗಾಜನ್ನು ಸೋಪು ನೀರು, ಶುದ್ಧ ನೀರು, ಅಸಿಟೋನ್, ಐಸೊಪ್ರೊಪನಾಲ್ ಹೀಗೆ ಒಂದೊಂದರಲ್ಲೂ ಹತ್ತು ನಿಮಿಷ ಅಲ್ಟ್ರಾಸಾನಿಕ್ ಸ್ನಾನ ಮಾಡಿಸಿ. ನೈಟ್ರೋಜನ್ ಊದಿ ಒಣಗಿಸಿ, 15 ನಿಮಿಷ ಯುವಿ-ಓಝೋನ್ ಯಂತ್ರದಲ್ಲಿಡಿ. ತಡಮಾಡದೆ ಪೆಡಾಟ್ ಹಾಕಿ, ಸುಮಾರು 40 ನ್ಯಾನೊಮೀಟರ್ ದಪ್ಪ ಬರುವಂತೆ. ನಂತರ 150 ಡಿಗ್ರಿ ಒಳಗೆ 10ರಿಂದ 15 ನಿಮಿಷ ಬಿಸಿ ಮಾಡಿ. 4083 ಅನ್ನುವ ನಮೂನೆಯನ್ನೇ ತರಿಸಿ. ಕರೆಂಟ್ ಚೆನ್ನಾಗಿ ಹರಿಸುವ ನಮೂನೆಗಳೂ ಇವೆ, ಜಾಸ್ತಿ ಹರಿದರೆ ಒಳ್ಳೆಯದಲ್ವಾ ಅಂತ ಅವನ್ನು ತಂದರೆ ಕರೆಂಟ್ ಅಡ್ಡಡ್ಡ ಸೋರಿ ಬೇಡದ ಕಡೆಯೂ ಬೆಳಗುತ್ತದೆ.

ಆಮೇಲೆ ಗ್ಲೋವ್ ಬಾಕ್ಸ್ ಒಳಗೆ ಬೆಳಗುವ ಪದರ, 80ರಿಂದ 100 ನ್ಯಾನೊಮೀಟರ್. ಕೊನೆಗೆ ಕ್ಯಾಥೋಡ್, ಅಂದರೆ ಮೇಲಿನ ಎಲೆಕ್ಟ್ರೋಡ್: ತೆಳುವಾಗಿ ಕ್ಯಾಲ್ಸಿಯಂ, ಮೇಲೆ 100 ನ್ಯಾನೊಮೀಟರ್ ಅಲ್ಯೂಮಿನಿಯಂ, ನಿರ್ವಾತದಲ್ಲಿ ಆವಿ ಮಾಡಿ. ಎಲ್ಲವನ್ನೂ ಮುದ್ರಿಸುತ್ತೇವೆ ಅಂದುಕೊಂಡು ಬಂದವರಿಗೆ ಇಲ್ಲಿ ಸ್ವಲ್ಪ ನಿರಾಸೆ ಆಗಬಹುದು. ಕ್ಯಾಲ್ಸಿಯಂ ಗಾಳಿ ತಾಗಿದರೆ ಕೆಡುತ್ತದೆ, ಅದನ್ನು ಇಂಕ್ ಮಾಡಲು ಆಗುವುದಿಲ್ಲ. ಇದಕ್ಕೆ ಒಂದು ಚೆಂದದ ಪರ್ಯಾಯ ಇದೆ, 1995ರಲ್ಲಿ ಬಂದ ಎಲ್‌ಇಸಿ, ಅಂದರೆ ಬೆಳಕು ಕೊಡುವ ವಿದ್ಯುದ್ರಾಸಾಯನಿಕ ಕೋಶ. ಪಾಲಿಮರ್ ಜೊತೆ ಪಾಲಿಎಥಿಲೀನ್ ಆಕ್ಸೈಡ್ ಮತ್ತು ಒಂದು ಲಿಥಿಯಂ ಉಪ್ಪು ಬೆರೆಸುತ್ತಾರೆ. ವೋಲ್ಟೇಜ್ ಕೊಟ್ಟಾಗ ಉಪ್ಪಿನ ಅಯಾನುಗಳು ಸರಿದು ಎಲೆಕ್ಟ್ರೋಡ್‌ನ ಕೆಲಸ ಸುಲಭ ಮಾಡುತ್ತವೆ, ಗಾಳಿಗೆ ಹೆದರದ ಬೆಳ್ಳಿ ಪೇಸ್ಟ್ ಕೂಡ ಸಾಕಾಗುತ್ತದೆ. ಹತ್ತಲು ಸ್ವಲ್ಪ ಹೊತ್ತು ಬೇಕು ಅಷ್ಟೇ. ವಿಡಿಯೊ ಪರದೆಗೆ ಆಗದು, ಬೆಳಗುವ ಲೇಬಲ್‌ಗೆ ಧಾರಾಳ ಆಗುತ್ತದೆ.

ಮುದ್ರಿಸುವ ಮೊದಲು ಹನಿಯ ಲೆಕ್ಕ ಹಾಕಿ. ಪಿಕ್ಸೆಲ್ 60 ಮೈಕ್ರಾನ್ ಅಗಲ, 180 ಮೈಕ್ರಾನ್ ಉದ್ದ ಅನ್ನೋಣ. 80 ನ್ಯಾನೊಮೀಟರ್ ಒಣ ಪದರ ಬೇಕೆಂದರೆ 0.86 ಪಿಕೊಲೀಟರ್ ಘನವಸ್ತು ಬೇಕು. ಇಂಕ್‌ನಲ್ಲಿ ಪಾಲಿಮರ್ ಶೇ 1 ಇದ್ದರೆ 86 ಪಿಕೊಲೀಟರ್ ಇಂಕ್, ಅಂದರೆ 10 ಪಿಕೊಲೀಟರ್‌ನ ಒಂಬತ್ತು ಹನಿ. ಇಷ್ಟು ದ್ರವ ಪಿಕ್ಸೆಲ್ ಮೇಲೆ ಎತ್ತರಕ್ಕೆ ಉಬ್ಬಿ ನಿಲ್ಲುತ್ತದೆ, ಹಾಗಾಗಿ ಸುತ್ತ ಇಂಕ್ ಹತ್ತದಂಥ ಬದು ಕಟ್ಟಿರಬೇಕು, ಗದ್ದೆಗೆ ಕಟ್ಟುತ್ತೇವಲ್ಲ ಹಾಗೆ. ಎಲ್ಲ ಸಾಲು ಮುದ್ರಿಸಿ ಮುಗಿದ ಮೇಲೆ ನಿರ್ವಾತದಲ್ಲಿ ನಿಧಾನವಾಗಿ ಆರಿಸಿ, ಆಮೇಲೆ ಬಿಸಿ ಮಾಡಿ. ಮೊದಲು ಮುದ್ರಿಸಿದ ಸಾಲು ಕೊನೆಯದಕ್ಕಿಂತ ಮೊದಲೇ ಆರಿಬಿಟ್ಟರೆ ಪಟ್ಟೆ ಪಟ್ಟೆ ಕಾಣುತ್ತದೆ.

ನನ್ನ ಇಡೀ ಅನುಭವದಲ್ಲಿ ಅತಿ ಹೆಚ್ಚು ದಿನ ಉಳಿಸಿದ ಅಭ್ಯಾಸ ಇದು: ಪ್ರತಿ ಸಲ ಅದೇ ಇಂಕ್‌ನಿಂದ, ಅದೇ ದಿನ, ಒಂದು ಗಾಜಿಗೆ ಸ್ಪಿನ್ ಕೋಟಿಂಗ್ ಕೂಡ ಮಾಡಿ. ಮುದ್ರಣದ ಇಂಕ್ ನಿಧಾನ ಆರುವುದರಿಂದ ಜಾಸ್ತಿ ಹೊತ್ತು ತಿರುಗಿಸಬೇಕಾಗುತ್ತದೆ, ಪರವಾಗಿಲ್ಲ. ಸ್ಪಿನ್ ಮಾಡಿದ್ದು ಚೆನ್ನಾಗಿ ಹತ್ತಿ, ಮುದ್ರಿಸಿದ್ದು ಹತ್ತದಿದ್ದರೆ ಅನುಮಾನ ಒಣಗುವುದರ ಮೇಲೆ. ಎರಡೂ ಕೆಟ್ಟರೆ ಪಾಲಿಮರ್ ನೋಡಿ, ಪೆಡಾಟ್ ನೋಡಿ, ಕ್ಯಾಥೋಡ್ ನೋಡಿ. ಸೂಪರ್ ಯೆಲ್ಲೋ ಸಾಮಾನ್ಯವಾಗಿ 2.5 ವೋಲ್ಟ್ ಆಸುಪಾಸಿನಲ್ಲಿ ಕಣ್ಣಿಗೆ ಕಾಣುವಷ್ಟು ಬೆಳಗಲು ಶುರು ಮಾಡುತ್ತದೆ. 5 ವೋಲ್ಟ್ ದಾಟಿದರೂ ಏನೂ ಇಲ್ಲ, ಆದರೆ ಕರೆಂಟ್ ಮಾತ್ರ ಭರ್ಜರಿ ಹರಿಯುತ್ತಿದೆ ಅಂದರೆ ಎಲ್ಲೋ ಶಾರ್ಟ್ ಇದೆ.

ಬೆಳಗಿದ ದೀಪದಲ್ಲಿ ಮರುದಿನ ಕಪ್ಪು ಚುಕ್ಕೆ ಬಂದು, ದಿನೇ ದಿನೇ ಅಗಲವಾಗುತ್ತಾ ಹೋದರೆ ಅದು ನೀರು. ಅಲ್ಯೂಮಿನಿಯಂನ ಸೂಜಿ ತೂತುಗಳಿಂದ ತೇವ ಇಳಿದು ಕ್ಯಾಥೋಡ್ ಕೆಡುತ್ತಿದೆ. ಗ್ಲೋವ್ ಬಾಕ್ಸ್‌ನಿಂದ ಹೊರಗೆ ತೆಗೆಯುವ ಮೊದಲೇ ಮೇಲೊಂದು ಗಾಜಿನ ಮುಚ್ಚಳ ಇಟ್ಟು ಯುವಿ ಅಂಟಿನಿಂದ ಸುತ್ತ ಮುಚ್ಚಿ, ಒಳಗೆ ತೇವ ಹೀರುವ ಹಾಳೆ ಇಡಿ. ಒಎಲ್‌ಇಡಿಗೆ ಬೇಕಾದ ಹೊದಿಕೆಯ ಗುರಿ ಚದರ ಮೀಟರಿಗೆ ದಿನಕ್ಕೆ ಒಂದು ಗ್ರಾಂನ ಹತ್ತು ಲಕ್ಷದಲ್ಲಿ ಒಂದು ಭಾಗದಷ್ಟು ನೀರಾವಿ ಮಾತ್ರ. ಸಾಮಾನ್ಯ ಪ್ಲಾಸ್ಟಿಕ್ ಹಾಳೆ ಅದರ ಹತ್ತಿರಕ್ಕೂ ಬರುವುದಿಲ್ಲ.

ನಿಮ್ಮ ಕಾಲೇಜಿನಲ್ಲಿ ಇದೆಲ್ಲ ಇಲ್ಲ ಅಂತ ಕೈಚೆಲ್ಲಬೇಡಿ. ಬೆಂಗಳೂರಿನ ಐಐಎಸ್‌ಸಿಯ ನ್ಯಾನೊ ಕೇಂದ್ರದ ಸಲಕರಣೆಗಳನ್ನು ಬೇರೆ ಕಾಲೇಜಿನ ಸಂಶೋಧಕರೂ ಬಳಸಲು ಐಎನ್‌ಯುಪಿ ಅನ್ನುವ ಯೋಜನೆ ಇದೆ. ಐಐಟಿ ಕಾನ್ಪುರದಲ್ಲಿ ಬಾಗುವ ಎಲೆಕ್ಟ್ರಾನಿಕ್ಸ್‌ಗೆಂದೇ ಒಂದು ರಾಷ್ಟ್ರೀಯ ಕೇಂದ್ರ ಇದೆ. ಏನು ಮಾಡಬೇಕೆಂದಿದ್ದೀರಿ, ಯಾವ ಯಂತ್ರ ಎಷ್ಟು ದಿನ ಬೇಕು ಅಂತ ಎರಡು ಪುಟದಲ್ಲಿ ಸ್ಪಷ್ಟವಾಗಿ ಬರೆದುಕೊಂಡು ಕೇಳಿ.

ಉಳಿದ ಇಂಕ್ ಚೆಲ್ಲಬೇಡಿ, ಸಿಂಕಿಗಂತೂ ಸುರಿಯಲೇಬೇಡಿ. ಕಂದು ವಯಲ್‌ನಲ್ಲಿ, ಗ್ಲೋವ್ ಬಾಕ್ಸ್ ಒಳಗೆ, ಬೆಳಕು ತಾಗದಂತೆ ಇಡಿ. ಮೇಲೆ ಪಾಲಿಮರ್‌ನ ಬ್ಯಾಚ್ ನಂಬರ್, ಸಾಲ್ವೆಂಟ್ ಪ್ರಮಾಣ, ಕರಗಿಸಿದ ತಾರೀಕು ಬರೆಯಿರಿ. ಎರಡು ವಾರ ಬಿಟ್ಟು ತೆಗೆದಾಗ ಬಿಸಿ ಮಾಡಿ ಕಲಕಿ, ಹೊಸ ಫಿಲ್ಟರ್‌ನಲ್ಲಿ ಸೋಸಿ, ಪ್ರಿಂಟರ್‌ಗೆ ಹಾಕುವ ಮೊದಲು ಗಾಜಿನ ಕಡ್ಡಿ ಅದ್ದಿ ಎಳೆ ನೋಡಿ.